ರೋಗಿಯ ಮುಖ ನೋಡದ ಡಾಕ್ಟರರ ಓಣಿ

ಬರ್ಲಿನ್ ನಗರದ ದೊಡ್ಡ ರೈಲು ನಿಲ್ದಾಣದಿಂದ ಹೊರಬಿದ್ದು, ಕಾಲುವೆ ದಾಟಿ ಪೂರ್ವಕ್ಕೆ ನಡೆದರೆ ಹದಿನೈದು ನಿಮಿಷದಲ್ಲಿ ಶಾರಿಟೇ ಆಸ್ಪತ್ರೆ ಸಿಗುತ್ತದೆ. ಇದು ಅಲ್ಲಿಯವರ ಲೆಕ್ಕ. ಎಪ್ಪತ್ತು ದಾಟಿದ ನನ್ನ ಮೊಣಕಾಲಿನ ಲೆಕ್ಕದಲ್ಲಿ ಅರ್ಧ ಗಂಟೆ. ಮೊದಲು ಕಣ್ಣಿಗೆ ಬೀಳುವುದು 21 ಅಂತಸ್ತಿನ ಬಿಳಿ ಕಟ್ಟಡ. ಅದರ ಆಚೆಗೆ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡಗಳು, ನಡುವೆ ದೊಡ್ಡ ದೊಡ್ಡ ಮರಗಳು, ಅಲ್ಲಲ್ಲಿ ಕಲ್ಲಿನಲ್ಲಿ ಕಡೆದ ಡಾಕ್ಟರರ ತಲೆಗಳು. ಆಸ್ಪತ್ರೆ ಎಂದು ಗೊತ್ತಿಲ್ಲದವರು ಹಳೆಯ ಕಾಲೇಜೋ ಮಠವೋ ಎಂದುಕೊಂಡಾರು. ನಾವು ದಾಟಿ ಬಂದ ಆ ಕಾಲುವೆಯೇ ಒಂದು ಕಾಲಕ್ಕೆ ಎರಡು ಬರ್ಲಿನ್‌ಗಳ ಗಡಿಯಾಗಿತ್ತು. 1961ರಿಂದ 1989ರವರೆಗೆ ಇಲ್ಲೇ ಗೋಡೆ ನಿಂತಿತ್ತು.

ಆಸ್ಪತ್ರೆಯ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಊರಿಗೆ ಪ್ಲೇಗ್ ಬಂದೀತೆಂಬ ಹೆದರಿಕೆಯಿಂದ 1710ರಲ್ಲಿ ಪ್ರಷ್ಯದ ದೊರೆ ಊರ ಕೋಟೆಯ ಹೊರಗೆ ಪ್ಲೇಗಿನ ಮನೆಯೊಂದನ್ನು ಕಟ್ಟಿಸಿದ. ಪ್ಲೇಗು ಬರ್ಲಿನ್ನಿಗೆ ಬರಲೇ ಇಲ್ಲ. ಕಟ್ಟಿದ ಮನೆ ಬಡವರ ಪಾಲಿಗೆ ಬಂತು. 1727ರಲ್ಲಿ ಅದಕ್ಕೆ ‘ಶಾರಿಟೇ’ ಎಂದು ಹೆಸರಾಯಿತು. ಫ್ರೆಂಚ್ ಭಾಷೆಯಲ್ಲಿ ದಯೆ, ದಾನ ಎಂದರ್ಥ. ನಮ್ಮ ಹಿರಿಯರು ‘ಧರ್ಮಾಸ್ಪತ್ರೆ’ ಎನ್ನುತ್ತಿದ್ದರಲ್ಲ, ಅದೇ ಮಾತು.

ನಾನೂ ನನ್ನ ಹೆಂಡತಿಯೂ ಬರ್ಲಿನ್ನಿಗೆ ಹೋದದ್ದು ಮಗನ ಮನೆಗೆ. ಅದೇ ಜೂನ್ ತಿಂಗಳಲ್ಲಿ ಮಗಳ ಮಗಳು ಕೂಡ ಬಂದಳು. ಅವಳಿಗೆ ಇಪ್ಪತ್ತಾರು ವರ್ಷ. ಎಂ.ಬಿ.ಬಿ.ಎಸ್. ಮುಗಿಸಿ ಪೆಥಾಲಜಿಯಲ್ಲಿ ಎಂ.ಡಿ. ಓದುತ್ತಿದ್ದಾಳೆ. ಶಾರಿಟೇಯ ಪೆಥಾಲಜಿ ವಿಭಾಗದಲ್ಲಿ ನಾಲ್ಕು ವಾರ ನೋಡಿ ಕಲಿಯಲು ಅನುಮತಿ ಸಿಕ್ಕಿತ್ತು. ಮುಟ್ಟುವಂತಿಲ್ಲ, ವರದಿ ಬರೆಯುವಂತಿಲ್ಲ; ನೋಡಬಹುದು, ಕೇಳಬಹುದು. ಊಟ ವಸತಿ ಮಾವನ ಮನೆಯಲ್ಲಿ. ಬೆಳಗ್ಗೆ ಅವಳನ್ನು ಆಸ್ಪತ್ರೆಯ ಓಣಿಯವರೆಗೆ ಬಿಟ್ಟು ಬರುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅವಳಿಗೆ ಬೇಕಿತ್ತೆಂದಲ್ಲ, ನನಗೆ ಬೇಕಿತ್ತು.

ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಹುಡುಗಿ ಬಂದಾಗ ಅವಳ ಮನಸ್ಸು ಸರಿಯಿರಲಿಲ್ಲ. ನಮ್ಮ ಅಳಿಯಂದಿರಿಗೆ ಪೆಥಾಲಜಿ ಹಿಡಿಸಿರಲಿಲ್ಲ. “ಇನ್ನೊಮ್ಮೆ ಪರೀಕ್ಷೆ ಬರಿ, ಎಲುಬಿನದೋ ಚರ್ಮದ್ದೋ ಸೀಟು ತಗೋ” ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದರು. ನೆಂಟರ ಮಾತು ಇನ್ನೂ ಕಟುವಾಗಿತ್ತು. ಮದುವೆ ಮನೆಯೊಂದರಲ್ಲಿ ಯಾರೋ, “ರಕ್ತ ಮೂತ್ರ ನೋಡೋದಕ್ಕೆ ಇಷ್ಟು ಓದಬೇಕಾ?” ಎಂದರಂತೆ. ಮತ್ತೊಬ್ಬರು “ಹೆಣ ಕೊಯ್ಯೋ ಡಾಕ್ಟರಾ?” ಎಂದರಂತೆ. ರೋಗಿ ಎದುರು ಕೂರುವುದಿಲ್ಲ, ನಾಡಿ ಹಿಡಿಯುವುದಿಲ್ಲ, ‘ಡಾಕ್ಟರೇ, ನೀವೇ ದೇವರು’ ಎನ್ನುವವರು ಯಾರೂ ಇಲ್ಲ. ಅದೆಂಥ ಡಾಕ್ಟರಿಕೆ ಎಂಬ ಪ್ರಶ್ನೆ ಅವಳೊಳಗೂ ಹೊಕ್ಕಿತ್ತು. ಊರಿಗೆ ಮರಳುವ ಹೊತ್ತಿಗೆ ಇರುವುದೋ ಬಿಡುವುದೋ ತೀರ್ಮಾನಿಸಬೇಕಿತ್ತು.

ಪ್ರಯೋಗಾಲಯದ ಒಳಗೆ ನನ್ನಂಥವರಿಗೆ ಪ್ರವೇಶವಿಲ್ಲ. ಅದು ಸರಿಯೇ, ಇನ್ನೊಬ್ಬರ ಕಾಯಿಲೆ ನಮಗೇಕೆ? ಆದ್ದರಿಂದ ಒಳಗಿನ ವಿಚಾರವೆಲ್ಲ ಅವಳು ಸಂಜೆ ಹೇಳಿದ್ದು. ಜೂನಿನಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕು. ಬಾಲ್ಕನಿಯಲ್ಲಿ ಕುಳಿತು ಅವಳು ಹೇಳುವುದು, ನಾವು ಕೇಳುವುದು.

ಆಪರೇಷನ್ ಮಾಡಿ ದೇಹದಿಂದ ತೆಗೆದ ಗಂಟೋ ಚೂರೋ ಫಾರ್ಮಲಿನ್ ದ್ರವ ತುಂಬಿದ ಡಬ್ಬಿಯಲ್ಲಿ ಇಲ್ಲಿಗೆ ಬರುತ್ತದೆ. ಕೊಳೆಯದಂತೆ ಅದು ತಡೆಯುತ್ತದೆ. ಬಂದ ಕೂಡಲೇ ಮಾಡುವುದು ಯಾವ ವಿಜ್ಞಾನವೂ ಅಲ್ಲ, ನಂಬರು ಹಾಕುವುದು! ಡಬ್ಬಿಯ ಮೇಲಿನ ಹೆಸರು, ಜೊತೆಗೆ ಬಂದ ಕಾಗದದ ಹೆಸರು, ಎರಡನ್ನೂ ತಾಳೆ ನೋಡಬೇಕು. ಒಂದಕ್ಷರ ಹೆಚ್ಚುಕಡಿಮೆಯಾದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಪ್ರತಿ ಹಂತದಲ್ಲೂ ಅದೇ ನಂಬರು, ಮತ್ತೆ ತಾಳೆ. “ನಮ್ಮ ವಸ್ತುವಿಗೆ ಸ್ಪೆಸಿಮನ್ ಅಂತಾರೆ ಅಜ್ಜ” ಎಂದಳು. ಬ್ಯಾಂಕಿನ ಕೌಂಟರಿನಲ್ಲಿ ಕೂತಷ್ಟು ಕಾಲವೂ ಚೆಕ್ಕಿನ ಸಹಿಯನ್ನು ಸ್ಪೆಸಿಮನ್ ಸಹಿಯೊಂದಿಗೆ ಹೋಲಿಸಿ ನೋಡಿದವನು ನಾನು. ಅಂತೂ ಮೊಮ್ಮಗಳ ಕೆಲಸ ನನಗೆ ಅರ್ಥವಾಗತೊಡಗಿತು!

ಆಮೇಲೆ ಆ ಚೂರಿನಲ್ಲಿ ನೋಡಬೇಕಾದ ಭಾಗವನ್ನು ಡಾಕ್ಟರು ಆರಿಸಿ ಕೊಯ್ದು ಪುಟ್ಟ ಪೆಟ್ಟಿಗೆಗೆ ಹಾಕುತ್ತಾರೆ. ಮಕ್ಕಳೇ, ನಮ್ಮ ಮಲೆನಾಡಿನ ಹಾಲುಬಾಯಿ ತಿಂದಿದ್ದೀರಾ? ಮೆತ್ತಗಿನ ಹಾಲುಬಾಯಿಯನ್ನು ಕಾಗದದಷ್ಟು ತೆಳ್ಳಗೆ ಕೊಯ್ಯಿರಿ ನೋಡೋಣ! ಆಗುವುದಿಲ್ಲ. ಮಾಂಸವೂ ಹಾಗೆಯೇ. ಅದಕ್ಕೆ ಅದರೊಳಗಿನ ನೀರನ್ನು ಆಲ್ಕೋಹಾಲಿನಿಂದ ತೆಗೆದು, ಆ ಜಾಗಕ್ಕೆ ಕರಗಿದ ಮೇಣ ತುಂಬುತ್ತಾರೆ. ಸಾಮಾನ್ಯವಾಗಿ ರಾತ್ರಿಯಿಡೀ ಯಂತ್ರವೇ ಈ ಕೆಲಸ ಮಾಡುತ್ತದೆ. ಬೆಳಗಾಗುವಾಗ ಚೂರು ಗಟ್ಟಿಯಾಗಿರುತ್ತದೆ. ಅದನ್ನು ಮೇಣದ ಅಚ್ಚಿನಲ್ಲಿ ಕೂರಿಸಿ ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಕೊಡುತ್ತಾರೆ. ಬಾಳೆಕಾಯಿ ಚಿಪ್ಸ್ ಹೆರೆಯುವ ಮಣೆಯ ಕೆಲಸವೇ ಇದರದೂ. ಆದರೆ ಹೆರೆದ ಹಾಳೆಯ ದಪ್ಪ ಮೂರೋ ನಾಲ್ಕೋ ಮೈಕ್ರೋಮೀಟರ್. ಒಂದು ತಲೆಗೂದಲಿನ ದಪ್ಪದಲ್ಲಿ ಸುಮಾರು ಇಪ್ಪತ್ತನೆಯ ಒಂದು ಪಾಲು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ: ಒಂದು ಸೆಂಟಿಮೀಟರ್ ಹಾಲುಬಾಯಿಯನ್ನು ನಾಲ್ಕು ಮೈಕ್ರೋಮೀಟರಿನಂತೆ ಕೊಯ್ದರೆ 2,500 ಹಾಳೆ!

ಆ ಹಾಳೆಯನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟರೆ ಹಾಲಿನ ಕೆನೆಯ ಹಾಗೆ ಹರಡಿಕೊಳ್ಳುತ್ತದಂತೆ. ಗಾಜಿನ ಪಟ್ಟಿಯಿಂದ ಮೆಲ್ಲಗೆ ಎತ್ತಿಕೊಳ್ಳಬೇಕು. ಬಣ್ಣ ಕೊಡದಿದ್ದರೆ ಏನೂ ಕಾಣುವುದಿಲ್ಲ. ಕೊಡುವುದು ಎರಡು ಬಣ್ಣ. ಒಂದು ಹೆಮಟಾಕ್ಸಿಲಿನ್, ಮೆಕ್ಸಿಕೋ ಕಡೆಯ ಒಂದು ಮರದ ಕೆಚ್ಚಿನಿಂದ ಬರುವಂಥದು. ಅದು ಜೀವಕೋಶದ ನಡುವಿನ ಕೋಶಕೇಂದ್ರಕ್ಕೆ ನೀಲಿ ಹಚ್ಚುತ್ತದೆ. ಇನ್ನೊಂದು ಇಯೋಸಿನ್, ಉಳಿದ ಭಾಗಕ್ಕೆ ಗುಲಾಬಿ ಬಣ್ಣ ಕೊಡುತ್ತದೆ. ಗ್ರೀಕ್ ಭಾಷೆಯಲ್ಲಿ ಇಯೋಸ್ ಎಂದರೆ ಉಷೆ, ಬೆಳಗಿನ ಕೆಂಪು. ಜಗತ್ತಿನ ಯಾವ ಆಸ್ಪತ್ರೆಗೆ ಹೋದರೂ ಈ ನೀಲಿ-ಗುಲಾಬಿಯ ಜೋಡಿಯೇ. ನಮ್ಮೂರಿನಲ್ಲೂ ಅದೇ, ಬರ್ಲಿನ್ನಿನಲ್ಲೂ ಅದೇ. “ಅವರ ಜರ್ಮನ್ ನಂಗೆ ಅರ್ಥ ಆಗಲ್ಲ ಅಜ್ಜ, ಆದ್ರೆ ಗಾಜು ಅರ್ಥ ಆಗ್ತದೆ” ಎಂದಳು ಪುಟ್ಟಿ. ಬಂದ ನಂತರ ಅವಳು ನಕ್ಕದ್ದು ಅದೇ ಮೊದಲು.

ಇಷ್ಟು ಹೊತ್ತು ಚಪಾತಿ ಹಿಟ್ಟು ಕಲಸುತ್ತಾ ಸುಮ್ಮನೆ ಕೇಳುತ್ತಿದ್ದ ನನ್ನ ಹೆಂಡತಿ, “ನನ್ನ ಗಂಟೂ ಹೀಗೇ ಆಯ್ತಾ?” ಎಂದಳು.

ಹದಿನೆಂಟು ವರ್ಷದ ಹಿಂದಿನ ಮಾತು. ಅವಳ ಎದೆಯಲ್ಲಿ ಕಡಲೆಯಷ್ಟು ದೊಡ್ಡ ಗಂಟು ಸಿಕ್ಕಿತು. ನಮ್ಮ ಊರಿನ ಡಾಕ್ಟರು ಚೂರು ತೆಗೆದರು. ಆದರೆ ಅದನ್ನು ನೋಡಿ ಹೇಳುವವರು ಆಗ ನಮ್ಮಲ್ಲಿ ಇರಲಿಲ್ಲ. ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಹೆಸರು ಬರೆದ ಚೀಟಿ ಅಂಟಿಸಿ, “ನೀವೇ ಮಂಗಳೂರಿಗೆ ತಗೊಂಡು ಹೋಗಿ” ಎಂದರು. ಸಾಗರದಿಂದ ಬೆಳಗಿನ ಬಸ್ಸು ಹಿಡಿದೆ. ಹುಲಿಕಲ್ ಘಾಟಿ ಇಳಿಯುವಾಗ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತವರು “ಏನು, ತುಪ್ಪವಾ?” ಎಂದು ಕೇಳಿದರು. ಹೂಂ ಎಂದೆ. ವರದಿ ಬರಲು ಒಂಬತ್ತು ದಿನ. ಆ ಒಂಬತ್ತು ದಿನ ನಮ್ಮ ಮನೆಯಲ್ಲಿ ಯಾರೂ ರೇಡಿಯೋ ಹಾಕಲಿಲ್ಲ. ಬಂದ ಕಾಗದದಲ್ಲಿ ಕ್ಯಾನ್ಸರ್ ಎಂದಿತ್ತು, ಅದು ಯಾವ ಬಗೆಯದು, ಎಷ್ಟು ಉಗ್ರವಾದದ್ದು ಎಂದೂ ಇತ್ತು. ಆಪರೇಷನ್ ಎಷ್ಟು ದೊಡ್ಡದು, ಔಷಧ ಯಾವುದು ಎಂಬುದೆಲ್ಲ ಆ ಎಂಟು ಸಾಲಿನ ಮೇಲೆ ನಿಂತಿತು. ಕೆಳಗೊಂದು ಸಹಿ. ಓದಲು ಬಾರದ ಸಹಿ. ಆದರೆ ಇವತ್ತಿಗೂ ಕಣ್ಣು ಮುಚ್ಚಿದರೆ ಅದರ ತಿರುವು ನನಗೆ ಕಾಣುತ್ತದೆ. ಆಪರೇಷನ್ ಮಾಡಿದವರಿಗೆ ಹಣ್ಣು ಕೊಟ್ಟು ಕೈಮುಗಿದು ಬಂದೆವು. ಸಹಿ ಹಾಕಿದವರು ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ.

ಪುಟ್ಟಿಗೆ ಅಜ್ಜಿಯ ಕಾಯಿಲೆ ಗೊತ್ತಿತ್ತು, ಬಸ್ಸಿನ ಕಥೆ ಗೊತ್ತಿರಲಿಲ್ಲ. ಅವಳು ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ಆ ಶನಿವಾರ ಮೂವರೂ ಅಲ್ಲಿನ ವೈದ್ಯಕೀಯ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅದೂ ಶಾರಿಟೇಯ ಆವರಣದಲ್ಲೇ ಇದೆ, ಪೆಥಾಲಜಿ ವಿಭಾಗದ ಪಕ್ಕದಲ್ಲೇ. ಓಣಿಗೂ ಪೆಥಾಲಜಿಯ ಕಟ್ಟಡಕ್ಕೂ ಒಬ್ಬರದೇ ಹೆಸರು: ರುಡಾಲ್ಫ್ ವಿರ್ಚೋ. ಹೈಸ್ಕೂಲಿನ ಜೀವಶಾಸ್ತ್ರ ಓದುವ ಮಕ್ಕಳು ಈ ಹೆಸರು ಕೇಳಿರಬಹುದು. ನಮ್ಮ ಪುಸ್ತಕದಲ್ಲಿ ವಿರ್ಚೋ, ಅಲ್ಲಿಯವರ ಬಾಯಲ್ಲಿ ಫಿರ್ಶೋ ಎಂಬಂತೆ ಕೇಳಿಸುತ್ತದೆ. ಜೀವಕೋಶ ಹುಟ್ಟುವುದು ಇನ್ನೊಂದು ಜೀವಕೋಶದಿಂದಲೇ, ರೋಗವೆಂದರೆ ದೇಹದೊಳಗಿನ ಯಾವುದೋ ರಸ ಕೆಟ್ಟದ್ದಲ್ಲ, ಜೀವಕೋಶಗಳಿಗೇ ತಗುಲಿದ ತೊಂದರೆ ಎಂದು 1858ರಲ್ಲಿ ಪುಸ್ತಕ ಬರೆದು ಸಾರಿದವರು ಅವರು. ಮೊದಲನೆಯ ಮಾತನ್ನು ಅದೇ ಬರ್ಲಿನ್ನಿನ ರಾಬರ್ಟ್ ರೆಮಾಕ್ ಎಂಬವರು ಆಗಲೇ ಕಂಡುಕೊಂಡು ಹೇಳಿದ್ದರು. ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ. ದುಡ್ಡು ಕಟ್ಟಿದವರು ಒಬ್ಬರು, ಜಮೆಯಾದದ್ದು ಇನ್ನೊಬ್ಬರ ಖಾತೆಗೆ. ಬ್ಯಾಂಕಿನವನಾಗಿ ನಾನು ಇದನ್ನು ಒಪ್ಪುವುದಿಲ್ಲ.

ಈ ಸಂಗ್ರಹಾಲಯ ಕಟ್ಟಿಸಿದವರೂ ವಿರ್ಚೋ ಅವರೇ. 1899ರಲ್ಲಿ ತೆರೆದಾಗ ರೋಗ ತಗುಲಿದ ಅಂಗಗಳ 20,000ಕ್ಕೂ ಹೆಚ್ಚು ಮಾದರಿಗಳು ಗಾಜಿನ ಪಾತ್ರೆಗಳಲ್ಲಿದ್ದವು. ವೈದ್ಯರಿಗಷ್ಟೇ ಅಲ್ಲ, ಸಾಮಾನ್ಯ ಜನರೂ ಬಂದು ನೋಡಲಿ ಎಂಬುದು ಅವರ ಆಸೆ. ಎರಡನೆಯ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಹತ್ತರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಮತ್ತೆ ನಿಧಾನವಾಗಿ ಕೂಡಿಸಿದ್ದಾರೆ. ಅವರು ಕಟ್ಟಿಸಿದ ಉಪನ್ಯಾಸದ ಸಭಾಂಗಣವೂ ಬಾಂಬಿಗೆ ಮುರಿದಿತ್ತು. ಅದನ್ನು ಹೊಸದಾಗಿ ಬಳಿದು ಅಂದಗೊಳಿಸದೆ, ಬೋಳು ಇಟ್ಟಿಗೆ ಗೋಡೆಯನ್ನು ಹಾಗೆಯೇ ಉಳಿಸಿಕೊಂಡು ಸಭೆ ಸಮಾರಂಭಕ್ಕೆ ಬಳಸುತ್ತಾರೆ. ಅದು ನನಗೆ ಬಹಳ ಹಿಡಿಸಿತು.

ಪಾತ್ರೆಗಳ ಸಾಲಿನಲ್ಲಿ ಮೂತ್ರಕೋಶದ ಕಲ್ಲುಗಳಿವೆ, ಮಸಿ ಹಿಡಿದ ಶ್ವಾಸಕೋಶವಿದೆ. ಬೀಡಿ ಸಿಗರೇಟು ಸೇದುವವರು ಅದರ ಮುಂದೆ ಐದು ನಿಮಿಷ ನಿಂತರೆ ಸಾಕು. ಹುಟ್ಟುವ ಮೊದಲೇ ಉಸಿರು ನಿಂತ ಶಿಶುಗಳೂ ಇವೆ. ಆ ಭಾಗಕ್ಕೆ ಬಂದಾಗ ಯಾವ ದೇಶದವರಾದರೂ ದನಿ ತಗ್ಗಿಸುತ್ತಾರೆ. ನನ್ನ ಹೆಂಡತಿ ಚಪ್ಪಲಿ ಬಿಡಲು ನೋಡಿದಳು, ಪುಟ್ಟಿ ತಡೆದಳು. ಕೈಮುಗಿಯಲು ಯಾರೂ ಅಡ್ಡಿ ಮಾಡಲಿಲ್ಲ. ಶಾರಿಟೇ ಬಡವರ ಆಸ್ಪತ್ರೆಯಾಗಿತ್ತಲ್ಲ, ಹಳೆಯ ಪಾತ್ರೆಗಳಲ್ಲಿರುವವರೂ ಬಹುಪಾಲು ಬಡವರೇ ಇರಬೇಕು.

ವಿರ್ಚೋ ಅವರ ಇನ್ನೊಂದು ಮುಖವನ್ನು ಪುಟ್ಟಿ ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿದಳು. 1848ರಲ್ಲಿ ಮೇಲಿನ ಸೈಲೀಷಿಯಾ ಎಂಬ ಸೀಮೆಯಲ್ಲಿ ಟೈಫಸ್ ಜ್ವರ ಹಬ್ಬಿತು. ಅದು ಇಂದು ಪೋಲೆಂಡಿನಲ್ಲಿದೆ. ನೋಡಿ ಬಾ ಎಂದು ಸರ್ಕಾರ ವಿರ್ಚೋ ಅವರನ್ನು ಕಳಿಸಿತು. ಆಗ ಅವರಿಗೆ ಇಪ್ಪತ್ತಾರು, ನಮ್ಮ ಪುಟ್ಟಿಯ ವಯಸ್ಸು. ಅವರು ಬರೆದ ವರದಿಯಲ್ಲಿ ಔಷಧಕ್ಕಿಂತ ಬೇರೆಯದೇ ಹೆಚ್ಚು. ಜನರಿಗೆ ಹೊಟ್ಟೆಗಿಲ್ಲ, ಅವರ ಭಾಷೆಯಲ್ಲಿ ಶಾಲೆಯಿಲ್ಲ, ಆಳುವವರಿಗೆ ಕಾಳಜಿಯಿಲ್ಲ. ಜ್ವರ ಹೋಗಬೇಕಾದರೆ ಇದೆಲ್ಲ ಸರಿಯಾಗಬೇಕು ಎಂದರು. ಸರ್ಕಾರಕ್ಕೆ ರುಚಿಸಲಿಲ್ಲ. ಮರುವರ್ಷ ಬರ್ಲಿನ್ ಬಿಟ್ಟು ವ್ಯುರ್ಟ್ಸ್‌ಬುರ್ಗಿಗೆ ಹೋದರು. 1856ರಲ್ಲಿ ಬರ್ಲಿನ್ನೇ ಮತ್ತೆ ಕರೆಸಿಕೊಂಡಿತು. ಆಮೇಲೆ ನಗರಸಭೆಯ ಸದಸ್ಯರಾಗಿ, ಜೇಮ್ಸ್ ಹೋಬ್ರೆಕ್ಟ್ ಎಂಬ ಇಂಜಿನಿಯರ್ ಹಾಕಿದ ಒಳಚರಂಡಿ ಯೋಜನೆಗೆ ಬೆಂಬಲವಾಗಿ ನಿಂತರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವರು ಊರಿನ ಚರಂಡಿಯನ್ನೂ ನೋಡಿದರು.

ಪ್ರಧಾನಿ ಬಿಸ್ಮಾರ್ಕ್ 1865ರಲ್ಲಿ ಇವರನ್ನು ದ್ವಂದ್ವ ಯುದ್ಧಕ್ಕೆ ಕರೆದದ್ದು ನಿಜ, ಇವರು ಒಲ್ಲೆ ಎಂದದ್ದೂ ನಿಜ. ಆಯುಧ ಆರಿಸುವ ಹಕ್ಕು ಬಳಸಿ ಇವರು ಎರಡು ಮಾಂಸದ ಸಾಸೇಜು ತರಿಸಿದರು, ಒಂದರಲ್ಲಿ ಹುಳುಗಳಿದ್ದವು, ಯಾವುದು ತಿನ್ನುವಿರಿ ಎಂದಾಗ ಬಿಸ್ಮಾರ್ಕ್ ಓಡಿಹೋದರು ಎಂಬುದು ಮಾತ್ರ ಜನ ಕಟ್ಟಿದ ಕಥೆ. ಸೊಗಸಾದ ಕಥೆ, ಮಕ್ಕಳು ತರಗತಿಯಲ್ಲಿ ಹೇಳಬಹುದು, ಕಥೆಯೆಂದೇ ಹೇಳಬೇಕು.

ದೊಡ್ಡವರಿಗೂ ಹಟವಿರುತ್ತದೆ. ರೋಗಾಣುಗಳಿಂದ ರೋಗ ಬರುತ್ತದೆಂಬ ಮಾತನ್ನು ವಿರ್ಚೋ ಸುಲಭಕ್ಕೆ ಒಪ್ಪಲಿಲ್ಲ. ಅದೇ ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟರು. ಅದಾದ ಮೇಲೆ ಕಾಲರಾವನ್ನು ಹುಡುಕುತ್ತ ನಮ್ಮ ಕಲ್ಕತ್ತೆಗೂ ಬಂದು, 1884ರಲ್ಲಿ ಜನ ಬಳಸುತ್ತಿದ್ದ ಕೆರೆಯ ನೀರಿನಲ್ಲೇ ಅದರ ರೋಗಾಣುವನ್ನು ಕಂಡರು. ಆಸ್ಪತ್ರೆಯ ಹತ್ತಿರದ ಚೌಕವೊಂದರಲ್ಲಿ ಕಾಖ್ ಅವರ ಬಿಳಿ ಕಲ್ಲಿನ ಮೂರ್ತಿ ಕುಳಿತಿದೆ. ಸ್ವಲ್ಪ ಆಚೆ ವಿರ್ಚೋ ಅವರ ಸ್ಮಾರಕ. ಅದರ ಮೇಲೆ ನಿಂತಿರುವುದು ವಿರ್ಚೋ ಅಲ್ಲ, ಮೃಗವೊಂದನ್ನು ಹಿಡಿದು ಹೋರಾಡುವ ಜಟ್ಟಿ! ವಿರ್ಚೋ ಅವರ ಮುಖ ಕೆಳಗೆ ಕಲ್ಲಿನಲ್ಲಿ ಸಣ್ಣದಾಗಿ ಕೆತ್ತಿದೆ. ಪೆಥಾಲಜಿಯವರಿಗೆ ತಕ್ಕ ಸ್ಮಾರಕ ಎಂದು ಪುಟ್ಟಿ ನಕ್ಕಳು.

ದೂರದಿಂದ ಇಲ್ಲಿಗೆ ಕಲಿಯಲು ಬರುವ ರೂಢಿ ಹಳೆಯದು. ಕೆನಡಾದ ವಿಲಿಯಂ ಆಸ್ಲರ್ ಇಪ್ಪತ್ನಾಲ್ಕರ ಹರೆಯದಲ್ಲಿ, 1873ರಲ್ಲಿ, ವಿರ್ಚೋ ಅವರ ಪಾಠ ಕೇಳಲು ಬಂದಿದ್ದರು. ಮುಂದೆ ಅವರೇ ಜಗತ್ಪ್ರಸಿದ್ಧ ವೈದ್ಯಗುರುವಾದರು. ಆಗ ವಿದ್ಯಾರ್ಥಿಗಳ ಮೇಜಿನ ಮೇಲೆ ಪುಟ್ಟ ರೈಲು ಹಳಿಯಿತ್ತು. ಸೂಕ್ಷ್ಮದರ್ಶಕವೇ ಹಳಿಯ ಮೇಲೆ ಉರುಳುತ್ತ ಒಬ್ಬರಿಂದ ಒಬ್ಬರಿಗೆ ಬರುತ್ತಿತ್ತು. ಈಗ ಹಲವು ಜೊತೆ ಕಣ್ಣುಗಾಜುಗಳಿರುವ ಒಂದೇ ಸೂಕ್ಷ್ಮದರ್ಶಕದ ಸುತ್ತ ಎಲ್ಲರೂ ಕೂರುತ್ತಾರೆ; ಗುರುಗಳು ಪುಟ್ಟ ಬಾಣದ ಗುರುತನ್ನು ಸರಿಸಿ ‘ಇಲ್ಲಿ ನೋಡಿ’ ಎನ್ನುತ್ತಾರೆ. ಪುಟ್ಟಿ ಕೂತದ್ದು ಅಂಥದರ ಮುಂದೆ.

ಸತ್ತವರನ್ನು ಪರೀಕ್ಷಿಸಿ ಬದುಕಿದವರನ್ನು ಉಳಿಸುವ ಕೆಲಸ ನಮ್ಮ ಸೊರಬದ ಸೀಮೆಗೆ ಹೊಸದಲ್ಲ. 1957ರಲ್ಲಿ ನಾನು ಚಿಕ್ಕ ಹುಡುಗ. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜ್ವರವೂ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಸತ್ತ ಮಂಗಗಳನ್ನೂ ಕಾಡಿನ ಉಣುಗುಗಳನ್ನೂ ಪರೀಕ್ಷಿಸಿ, ಅದುವರೆಗೆ ಯಾರಿಗೂ ತಿಳಿಯದಿದ್ದ ವೈರಸ್ಸನ್ನು ಹಿಡಿದರು. ಮಂಗನ ಕಾಯಿಲೆ ಎನ್ನುವುದು ಅದನ್ನೇ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಇಂದಿಗೂ ಮಲೆನಾಡಿನಲ್ಲಿ ಹೇಳುವುದು ಅದರಿಂದಲೇ. ಪುಟ್ಟ ಹಳ್ಳಿಯ ಹೆಸರು ಜಗತ್ತಿನ ವೈದ್ಯಪುಸ್ತಕಗಳಲ್ಲಿ ಸೇರಿತು.

ಮೂರನೆಯ ವಾರದ ಒಂದು ಸಂಜೆ ಪುಟ್ಟಿ ಓಡುತ್ತಲೇ ಮೆಟ್ಟಿಲು ಹತ್ತಿ ಬಂದಳು. ಅಂದು ಅವಳು ‘ಫ್ರೋಜನ್’ ನೋಡಿದ್ದಳು. ಕೆಲವು ಆಪರೇಷನ್ ನಡೆಯುತ್ತಿರುವಾಗಲೇ ಸರ್ಜನ್ನರಿಗೆ ಉತ್ತರ ಬೇಕಾಗುತ್ತದೆ: ಗಂಟು ಪೂರ್ತಿ ಬಂತೇ, ಅಂಚಿನಲ್ಲಿ ಇನ್ನೂ ಉಳಿದಿದೆಯೇ? ರಾತ್ರಿಯಿಡೀ ಮೇಣ ತುಂಬಿಸಲು ಸಮಯವಿಲ್ಲ. ರೋಗಿ ಮಂಪರಿನಲ್ಲಿ ಮೇಜಿನ ಮೇಲಿದ್ದಾರೆ. ಆದ್ದರಿಂದ ಅಂಚಿನ ಚೂರನ್ನು ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ, ಆ ಚಳಿಯ ಪೆಟ್ಟಿಗೆಯಲ್ಲೇ ಕೊಯ್ದು, ಬಣ್ಣ ಹಾಕಿ ನೋಡುತ್ತಾರೆ. ಅವಳು ತನ್ನ ಟಿಪ್ಪಣಿ ಪುಸ್ತಕ ತೋರಿಸಿದಳು. ಚೂರು ಬಂದದ್ದು 10.42ಕ್ಕೆ. ಇಬ್ಬರು ಡಾಕ್ಟರು ಒಬ್ಬರಾದ ಮೇಲೆ ಒಬ್ಬರು ನೋಡಿದರು. ಒಂದು ಮೂಲೆಯಲ್ಲಿ ನಾಲ್ಕೈದು ಜೀವಕೋಶಗಳ ಗುಂಪು ಸರಿಯಿರಲಿಲ್ಲ. ಹಿರಿಯರು ಫೋನೆತ್ತಿ ಮೊದಲು ನಂಬರು ಓದಿದರು, ಆ ಕಡೆಯವರು ನಂಬರನ್ನು ತಿರುಗಿ ಹೇಳಿದರು, ಆಮೇಲೆ ಒಂದೇ ವಾಕ್ಯ. 11.01. ಸರ್ಜನ್ ಇನ್ನೊಂದಿಷ್ಟು ತೆಗೆದರು. ಎರಡನೆಯ ಚೂರು ಬಂತು. ಈ ಸಲ ಅಂಚು ಸ್ವಚ್ಛ.

“ಯಾರು ರೋಗಿ? ಗಂಡಸಾ, ಹೆಂಗಸಾ?” ನನ್ನ ಹೆಂಡತಿ ಕೇಳಿದಳು.

“ನಂಗೆ ಗೊತ್ತಿಲ್ಲ ಅಜ್ಜಿ. ನಂಬರು ಮಾತ್ರ ಗೊತ್ತು. ಅವ್ರಿಗೆ ಎಚ್ಚರ ಆದಾಗ ಹೀಗೊಂದು ಫೋನು ಹೋಗಿತ್ತು ಅಂತ ಅವ್ರಿಗೂ ಗೊತ್ತಿರಲ್ಲ.”

ಆ ರಾತ್ರಿ ಅಳಿಯಂದಿರ ಫೋನು ಬಂತು. ಮಾತು ಎಂದಿನ ದಾರಿಯಲ್ಲೇ ಹೋಗಿ ಪರೀಕ್ಷೆಯ ಅರ್ಜಿಗೆ ಬಂದು ನಿಂತಿತು. ಪುಟ್ಟಿ ಗಟ್ಟಿಯಾಗಿ ಏನೂ ವಾದಿಸಲಿಲ್ಲ. “ಅರ್ಜಿ ಹಾಕಲ್ಲ ಅಪ್ಪಾ, ಇದರಲ್ಲೇ ಇರ್ತೀನಿ” ಎಂದಳು. ಆ ಕಡೆ ಮೌನ. ನನ್ನ ಹೆಂಡತಿ ಅವಳ ಕೈಯಿಂದ ಫೋನು ತೆಗೆದುಕೊಂಡು, “ನೋಡಿ ಅಳಿಯಂದಿರೇ, ಹದಿನೆಂಟು ವರ್ಷದ ಹಿಂದೆ ಅಂಥವರೊಬ್ಬರು ಇರದೇ ಇದ್ದಿದ್ರೆ ನಾನು ಈಗ ನಿಮ್ಮ ಹತ್ರ ಮಾತಾಡ್ತಿರಲಿಲ್ಲ” ಎಂದಳು. ಅಳಿಯಂದಿರು ಒಪ್ಪಿದರೆಂದು ಹೇಳಲಾರೆ. ಊಟ ಆಯಿತೇ ಎಂದು ಕೇಳಿ ಫೋನಿಟ್ಟರು. ಆಮೇಲೆ ಆ ಮಾತು ಎತ್ತಿಲ್ಲ.

ಹೊರಡುವ ಮುನ್ನಾದಿನ ಪುಟ್ಟಿ ಇನ್ನೊಂದು ಸಂಗತಿ ಹೇಳಿದಳು. ಮೇಣದ ಅಚ್ಚುಗಳನ್ನು ವರದಿ ಬರೆದ ಮೇಲೆ ಎಸೆಯುವುದಿಲ್ಲವಂತೆ. ನಂಬರಿನ ಪ್ರಕಾರ ಕಪಾಟುಗಳಲ್ಲಿ ವರ್ಷಗಟ್ಟಲೆ ಜೋಡಿಸಿಡುತ್ತಾರೆ. ಮುಂದೆ ಹೊಸ ಪರೀಕ್ಷೆ ಬಂದರೆ ಅದೇ ಅಚ್ಚಿನಿಂದ ಮತ್ತೊಂದು ಹಾಳೆ ಕೊಯ್ದು ನೋಡಬಹುದು. ನಮ್ಮ ಬ್ಯಾಂಕಿನ ಹಳೆಯ ಲೆಡ್ಜರ್‌ಗಳ ಕೋಣೆ ನೆನಪಾಯಿತು.

“ನನ್ನದೂ ಮಂಗಳೂರಿನಲ್ಲಿ ಇನ್ನೂ ಇರ್ತದಾ?” ಎಂದಳು ಅಜ್ಜಿ.

“ಇರಬಹುದು ಅಜ್ಜಿ. ಕೆಲವು ಕಡೆ ಬಹಳ ವರ್ಷ ಇಡ್ತಾರೆ. ಹೋಗಿ ಕೇಳೋಣ. ಆದ್ರೆ ನಂಬರು ಬೇಕು.”

ಇಬ್ಬರೂ ನನ್ನ ಕಡೆ ತಿರುಗಿದರು. ನಂಬರು ಇದೆ. ಆ ಕಾಗದ ನಮ್ಮ ಮನೆಯ ಕಬ್ಬಿಣದ ಕಪಾಟಿನಲ್ಲಿ, ಕಂದಾಯದ ರಸೀದಿಗಳ ಮೇಲೆ, ಪ್ಲಾಸ್ಟಿಕ್ ಹೊದಿಕೆಯೊಳಗಿದೆ.